ಕಂಪ್ಯೂಟರ್ ಬಂತು, ಕಲಿಸುವವರು ಯಾರು?

ಮದ್ದೂರು ಕ್ಷೇತ್ರದಿಂದ 1999ರಲ್ಲಿ ಗೆದ್ದು ಮುಖ್ಯಮಂತ್ರಿಯಾದ ಸೋಮನಹಳ್ಳಿಯ ಎಸ್‌.ಎಂ. ಕೃಷ್ಣ ನಾಲ್ಕೂವರೆ ವರ್ಷ ಅಧಿಕಾರದಲ್ಲಿದ್ದರು. ಹಳ್ಳಿಯವರ ಬದುಕಿಗೆ ನೇರವಾಗಿ ತಾಕುವ ಮೂರು ಯೋಜನೆಗಳು ಆ ಅವಧಿಯಲ್ಲಿ ಬಂದವು: ತಾಲ್ಲೂಕು ಕಚೇರಿಯಲ್ಲಿ ಪಹಣಿ ಕೊಡಲು ‘ಭೂಮಿ’, ಶಾಲೆಯ ಮಕ್ಕಳಿಗೆ ಮಧ್ಯಾಹ್ನ ಊಟ ಹಾಕಲು ‘ಅಕ್ಷರ ದಾಸೋಹ’, ಸರ್ಕಾರಿ ಪ್ರೌಢಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು ‘ಮಾಹಿತಿ ಸಿಂಧು’. ಮದ್ದೂರಿನ ರೈತ ಬ್ಯಾಂಕ್ ಸಾಲಕ್ಕೆ ಓಡಾಡುವಾಗ ಇವತ್ತಿಗೂ ಕೈಯಲ್ಲಿರುವುದು ‘ಭೂಮಿ’ಯ ಪಹಣಿಯೇ. ಮಳವಳ್ಳಿಯ ಸರ್ಕಾರಿ ಶಾಲೆಗಳ ಅಂಗಳದಲ್ಲಿ ಮಧ್ಯಾಹ್ನವಾದರೆ ಸಾಂಬಾರಿನ ಘಮ ಬರುತ್ತದೆ. ಮೂರನೆಯ ಯೋಜನೆ ಮಾತ್ರ ಜನರ ನೆನಪಿನಿಂದಲೇ ಜಾರಿಹೋಗಿದೆ.

ಒಂದೇ ಸರ್ಕಾರ, ಒಂದೇ ಕಾಲ, ಒಂದೇ ಉತ್ಸಾಹ. ಎರಡು ಉಳಿದು ಒಂದು ಅಳಿದದ್ದು ಏಕೆ? ತರಗತಿಗೆ ಕಂಪ್ಯೂಟರ್ ತಂದರೆ ಕಲಿಕೆ ಸುಧಾರಿಸುತ್ತದೆ ಎಂಬ ಮಾತನ್ನು ಅನುಮಾನಿಸುವವರು ಮೊದಲು ಉತ್ತರ ಹುಡುಕಬೇಕಾದ ಪ್ರಶ್ನೆ ಇದು. ಉತ್ತರಕ್ಕಾಗಿ ಮಂಡ್ಯ ಜಿಲ್ಲೆ ಬಿಟ್ಟು ಬಹಳ ದೂರ ಹೋಗಬೇಕಾಗಿಲ್ಲ.

‘ಭೂಮಿ’ಯಲ್ಲಿ ಕಂಪ್ಯೂಟರಿಗೆ ಇದ್ದದ್ದು ಒಂದೇ ಕೆಲಸ. ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. ಲೆಕ್ಕಿಗರು ಸಿಗುವವರೆಗೆ ಕಾಯಬೇಕು, ಸಿಕ್ಕರೆ ಕೈ ಬಿಸಿ ಮಾಡಬೇಕು. ಆ ದಾಖಲೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕಚೇರಿಯಲ್ಲಿ ಕಿಟಕಿ ತೆರೆದು, 15 ರೂಪಾಯಿಗೆ ಪಹಣಿ ಕೊಡುವ ವ್ಯವಸ್ಥೆಯಾಯಿತು. ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದೂ ಸರ್ಕಾರ ಹೇಳಿತು. ಕಿಟಕಿಯಾಚೆ ದಿನವೂ ಸಾಲು, ಈಚೆ ಅದಕ್ಕೆಂದೇ ನೇಮಿಸಿದ ಸಿಬ್ಬಂದಿ. ಯಂತ್ರ ಒಂದು ಗಂಟೆ ಕೆಟ್ಟರೂ ಸಾಲಿನಲ್ಲಿದ್ದವರು ಸುಮ್ಮನಿರುತ್ತಿರಲಿಲ್ಲ.

ಬಿಸಿಯೂಟದ ಕಥೆಯೂ ಹೆಚ್ಚುಕಡಿಮೆ ಹಾಗೆಯೇ. 2002ರ ಜೂನ್‌ನಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೆ ಬಂತು. ಮಗುವಿಗೆ ಇಷ್ಟು ಗ್ರಾಂ ಅಕ್ಕಿ, ಇಷ್ಟು ಬೇಳೆ ಎಂಬ ಲೆಕ್ಕವಿತ್ತು. ಊರಿನದೇ ಹೆಂಗಸರು ಅಡುಗೆಯವರಾದರು. ಅವರ ಸಂಭಾವನೆ ಕಡಿಮೆ ಎಂಬ ದೂರು ಅಂದಿನಿಂದ ಇಂದಿನವರೆಗೂ ಇದೆ, ಅದು ನ್ಯಾಯವಾದ ದೂರೇ. ಆದರೂ ಒಲೆ ಹಚ್ಚಲು ಒಬ್ಬರಿದ್ದಾರೆ, ದಿನದ ಖರ್ಚಿಗೆ ಬಜೆಟ್ಟಿನಲ್ಲಿ ಜಾಗವಿದೆ, ಊಟ ತಪ್ಪಿದರೆ ಸಂಜೆಯೊಳಗೆ ಇಡೀ ಊರಿಗೆ ಗೊತ್ತಾಗುತ್ತದೆ.

ಇನ್ನು ‘ಮಾಹಿತಿ ಸಿಂಧು’. 1000 ಸರ್ಕಾರಿ ಪ್ರೌಢಶಾಲೆಗಳಲ್ಲಿ 8ರಿಂದ 10ನೇ ತರಗತಿಯವರಿಗೆ ಕಂಪ್ಯೂಟರ್ ಕಲಿಸುವ ಯೋಜನೆ ಅದು. ಯಂತ್ರ, ತಂತ್ರಾಂಶ, ಕಲಿಸುವವರು ಎಲ್ಲವೂ ಖಾಸಗಿ ಕಂಪನಿಗಳ ಮೂಲಕ, ಐದು ವರ್ಷದ ಗುತ್ತಿಗೆಯ ಮೇಲೆ. ಗುತ್ತಿಗೆ ಮುಗಿಯಿತೆಂದರೆ ಕಲಿಸುವವರ ಕೆಲಸವೂ ಮುಗಿಯಿತು. ಯಂತ್ರಗಳೇನೋ ಶಾಲೆಯಲ್ಲೇ ಉಳಿದವು, ಆದರೆ ಐದು ವರ್ಷದಲ್ಲಿ ಅವೂ ಹಳತಾಗಿದ್ದವು. 2004ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ‘ಐಸಿಟಿ ಅಟ್ ಸ್ಕೂಲ್ಸ್’ ತಂದಿತು, 2010ರಲ್ಲಿ ಅದನ್ನು ಪರಿಷ್ಕರಿಸಿತು. ಅಲ್ಲೂ ಬಹಳಷ್ಟು ಕಡೆ ಇದೇ ಐದು ವರ್ಷದ ಲೆಕ್ಕ. ಆಮೇಲೆ ರಾಜ್ಯದಲ್ಲಿ ಶಿಕ್ಷಕರಿಗೇ ತರಬೇತಿ ಕೊಡುವ ‘ಟಾಲ್ಪ್’ ಬಂತು. ಹೆಸರುಗಳು ಬದಲಾದವು, ಕಂಪ್ಯೂಟರಿಗೆಂದೇ ಒಬ್ಬ ಕಾಯಂ ಶಿಕ್ಷಕರ ಹುದ್ದೆ ಮಾತ್ರ ಹಳ್ಳಿಯ ಪ್ರೌಢಶಾಲೆಗೆ ಬರಲಿಲ್ಲ.

ಹಳ್ಳಿಯ ಪ್ರೌಢಶಾಲೆಗಳ ಕಂಪ್ಯೂಟರ್ ಕೊಠಡಿಯನ್ನು ಕಂಡವರಿಗೆ ಅದರ ಒಳಗಿನ ನೋಟ ಪರಿಚಿತ. ಶಾಲೆಯ ಬೇರೆ ಕೊಠಡಿಗಳಿಗೆ ಚಿಲಕ ಹಾಕಿದರೆ ಸಾಕು. ಇದಕ್ಕೆ ಕಬ್ಬಿಣದ ಗ್ರಿಲ್ಲು, ಗ್ರಿಲ್ಲಿಗೆ ಬೀಗ, ಬೀಗದ ಕೈ ಹೆಡ್‌ಮಾಸ್ಟರ ಬೀರುವಿನಲ್ಲಿ. ಹೊರಗೆ ಚಪ್ಪಲಿ ಬಿಟ್ಟು ಬರಬೇಕು. ಒಳಗೆ ಮಾನಿಟರುಗಳಿಗೆ ಹೊದಿಸಿದ ಬಟ್ಟೆಯ ಗವಸು, ಅದರ ಮೇಲೆ ಸೀಮೆಸುಣ್ಣದ ಪುಡಿ ಬೆರೆತ ಧೂಳು. ಮೂಲೆಯಲ್ಲಿ ಯುಪಿಎಸ್, ಅದರ ಬ್ಯಾಟರಿಗಳ ತುದಿಗೆ ಹಸಿರು ಕಿಲುಬು. ಇಲಿ ಕಡಿದ ವೈರಿಗೆ ಸುತ್ತಿದ ಇನ್ಸುಲೇಷನ್ ಟೇಪು. ಗೋಡೆಯಲ್ಲಿ ‘ಕಂಪ್ಯೂಟರ್‌ನ ಭಾಗಗಳು’ ಎಂಬ ಬಣ್ಣದ ಚಿತ್ರಪಟ. ಅದೊಂದೇ ಕೆಡದೆ ಉಳಿದಿರುವುದು.

ಹೆಡ್‌ಮಾಸ್ಟರನ್ನು ದೂರುವಂತಿಲ್ಲ. ಪ್ರತಿಯೊಂದು ಮೌಸ್ ಕೂಡ ದಾಸ್ತಾನು ವಹಿಯಲ್ಲಿ ನಮೂದಾಗಿರುತ್ತದೆ. ವರ್ಗವಾಗಿ ಹೋಗುವಾಗ ಎಣಿಸಿ ಚಾರ್ಜ್ ಕೊಡಬೇಕು. ಕಳವಾದರೆ ಪೊಲೀಸ್ ಠಾಣೆಗೆ ಅಲೆಯಬೇಕು, ಬಿಇಒ ಕಚೇರಿಗೆ ವಿವರಣೆ ಬರೆಯಬೇಕು. ಕೆಟ್ಟುಹೋದದ್ದನ್ನು ಮೇಲಿನವರ ಅನುಮತಿಯಿಲ್ಲದೆ ಗುಜರಿಗೂ ಹಾಕುವಂತಿಲ್ಲ. ಬಳಸಿ ಕೆಡಿಸಿದರೆ ಪ್ರಶ್ನೆ ಬರುತ್ತದೆ, ಬಳಸದೆ ಮುಚ್ಚಿಟ್ಟರೆ ಯಾರೂ ಕೇಳುವುದಿಲ್ಲ. ಹೀಗಿದ್ದಾಗ ಬೀಗವೇ ಬುದ್ಧಿವಂತಿಕೆ ಎನಿಸುವುದು ಸಹಜ.

ಬೀಗ ತೆಗೆದ ದಿನದ ಲೆಕ್ಕವನ್ನೂ ಹಾಕೋಣ. ತರಗತಿಯಲ್ಲಿ 60 ಮಕ್ಕಳು, ಕೆಲಸ ಮಾಡುವ ಕಂಪ್ಯೂಟರ್ 10 ಎಂದಿಟ್ಟುಕೊಂಡರೆ ಒಂದು ಯಂತ್ರಕ್ಕೆ ಆರು ಮಂದಿ. ಪೀರಿಯಡ್ಡು 40 ನಿಮಿಷ. ಸಾಲಾಗಿ ಬಂದು ಕೂತು, ಯಂತ್ರ ತೆರೆದುಕೊಂಡು, ಕೊನೆಗೆ ಮುಚ್ಚುವುದಕ್ಕೆ 10 ನಿಮಿಷ ಹೋದರೆ ಉಳಿದದ್ದು 30. ತಲೆಗೆ ಐದು ನಿಮಿಷ, ವಾರಕ್ಕೊಮ್ಮೆ. ಅದೂ ನ್ಯಾಯವಾಗಿ ಹಂಚಿಕೊಂಡರೆ. ಆರು ಜನರಲ್ಲಿ ಜೋರಿರುವವನ ಕೈಯಲ್ಲೇ ಮೌಸ್ ಇರುತ್ತದೆ, ಹಿಂದೆ ನಿಂತ ಹುಡುಗಿಯರಿಗೆ ಅವನ ಬೆನ್ನು ಕಾಣುತ್ತದೆ. ವರ್ಷದ ಕೊನೆಗೆ ಆ ಹುಡುಗಿ ಕಂಪ್ಯೂಟರ್ ‘ಕಲಿತವರ’ ಪಟ್ಟಿಯಲ್ಲಿ ಸೇರಿರುತ್ತಾಳೆ.

ಕರೆಂಟಿನ ಮಾತೂ ಬರಬೇಕು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದ ವಿದ್ಯುತ್ತು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ಶತಮಾನ ಕಳೆದ ಮೇಲೂ ಸರ್ಕಾರಿ ಶಾಲೆಗಳು ಚಿಲ್ಲರೆ ಅನುದಾನದಲ್ಲೇ ವಿದ್ಯುತ್ ಬಿಲ್ ಕಟ್ಟಬೇಕಿತ್ತು. ಬಾಕಿ ಉಳಿದರೆ ಜನ ಇಂದಿಗೂ ಕೆಇಬಿ ಎಂದೇ ಕರೆಯುವ ಇಲಾಖೆಯವರು ಬಂದು ಫ್ಯೂಸ್ ಕಿತ್ತುಕೊಂಡು ಹೋಗುತ್ತಿದ್ದರು. ಸರ್ಕಾರಿ ಶಾಲೆಗಳಿಗೆ ವಿದ್ಯುತ್ತು ಮತ್ತು ನೀರು ಉಚಿತ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಘೋಷಿಸಿದ್ದು 2023ರ ನವೆಂಬರ್ 1ರಂದು. ಕಂಪ್ಯೂಟರ್ ಬಂದು ಇಪ್ಪತ್ತು ವರ್ಷವಾದ ಮೇಲೆ ಕರೆಂಟಿನ ಬಿಲ್ಲಿಗೆ ದಾರಿಯಾಯಿತು. ಯಾವುದು ಮೊದಲು, ಯಾವುದು ಆಮೇಲೆ ಎಂಬ ಯೋಚನೆಯೇ ಇರಲಿಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಯಂತ್ರ ಮುಟ್ಟಲು ಸಿಗದಿದ್ದರೂ ಪರೀಕ್ಷೆ ತಪ್ಪುವುದಿಲ್ಲವಲ್ಲ. ಹಾಗಾಗಿ ಕಂಪ್ಯೂಟರ್ ಎಷ್ಟೋ ಕಡೆ ನೋಟ್ಸಿನ ವಿಷಯವಾಯಿತು. ಕಂಪ್ಯೂಟರ್ ಪಿತಾಮಹ ಯಾರು, ಚಾರ್ಲ್ಸ್ ಬ್ಯಾಬೇಜ್. ಇನ್‌ಪುಟ್ ಸಾಧನಗಳು ಯಾವುವು, ಕೀಬೋರ್ಡ್ ಮತ್ತು ಮೌಸ್. ಕಪ್ಪುಹಲಗೆಯಿಂದ ನೋಡಿ ಬರೆದುಕೊಂಡು, ಉರು ಹೊಡೆದು, ಅಂಕ ತೆಗೆದುಕೊಳ್ಳುವುದು. ಕನ್ನಡ ಮಾಧ್ಯಮದ ಮಗುವಿಗೆ ಪರದೆಯ ಮೇಲೆ ಕಾಣುವುದೆಲ್ಲ ಇಂಗ್ಲಿಷು ಎಂಬ ತೊಡಕು ಬೇರೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಉಚಿತವಾಗಿ ಸಿಗುತ್ತಿತ್ತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಆಧರಿಸಿ ಕನ್ನಡ ಬೆರಳಚ್ಚು ಮಾಡಬಹುದಿತ್ತು. ಮೆನುಗಳೆಲ್ಲ ಇಂಗ್ಲಿಷಿನಲ್ಲಿದ್ದರೂ ತನ್ನ ಹೆಸರನ್ನು, ತನ್ನ ಊರಿನ ಹೆಸರನ್ನು ಕನ್ನಡದಲ್ಲಿ ಮೂಡಿಸಿದ ಮಗುವಿಗೆ ಆ ಯಂತ್ರ ತನ್ನದೆನಿಸುತ್ತದೆ. ಅಷ್ಟು ಸಣ್ಣ ಕೆಲಸವನ್ನು ಮೊದಲ ಪಾಠವಾಗಿಸಲು ಏನೂ ಖರ್ಚಿರಲಿಲ್ಲ.

ಸಮಸ್ಯೆ ನಿರ್ವಹಣೆಯದಷ್ಟೇ, ಚೆನ್ನಾಗಿ ನಡೆಸಿದರೆ ಕಂಪ್ಯೂಟರ್ ಪಾಠ ಫಲ ಕೊಡುತ್ತದೆ ಎಂದು ವಾದಿಸುವವರಿದ್ದಾರೆ. ಅದಕ್ಕೆ ಆಧಾರವೂ ಇದೆ. ಗುಜರಾತಿನ ವಡೋದರದಲ್ಲಿ ನಡೆದ ಒಂದು ಪ್ರಯೋಗವನ್ನು ಈ ವಿಷಯದಲ್ಲಿ ಆಸಕ್ತಿ ಇರುವ ಪ್ರತಿಯೊಬ್ಬರೂ ತಿಳಿದಿರಬೇಕು. 2000ದಲ್ಲಿ ಅಲ್ಲಿನ ಸುಮಾರು 100 ನಗರಪಾಲಿಕೆ ಶಾಲೆಗಳಿಗೆ ಸರ್ಕಾರ ತಲಾ ನಾಲ್ಕು ಕಂಪ್ಯೂಟರ್ ಕೊಟ್ಟಿತು. ಎರಡು ವರ್ಷ ಬಿಟ್ಟು ನೋಡಿದರೆ ಮಕ್ಕಳು ಬಳಸುತ್ತಿದ್ದ ಯಂತ್ರಗಳು ಬೆರಳೆಣಿಕೆಯಷ್ಟು. ಆಗ ‘ಪ್ರಥಮ್’ ಸಂಸ್ಥೆ ಆ ಯಂತ್ರಗಳಲ್ಲಿ 4ನೇ ತರಗತಿಯವರಿಗೆ ಗಣಿತದ ಆಟಗಳನ್ನು ಹಾಕಿಕೊಟ್ಟಿತು. ವಾರಕ್ಕೆ ಎರಡು ಗಂಟೆ, ಯಂತ್ರಕ್ಕೆ ಇಬ್ಬರು ಮಕ್ಕಳು, ಪಕ್ಕದಲ್ಲಿ ನೋಡಿಕೊಳ್ಳಲು ಒಬ್ಬರು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತು ಸಂಗಡಿಗರು ಅದನ್ನು ಅಳೆದರು. ಮಕ್ಕಳ ಗಣಿತದ ಅಂಕ ನಿಜಕ್ಕೂ ಏರಿತ್ತು.

ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಪ್ರಯೋಗವೂ ಇತ್ತು, ಅದರ ಹೆಸರು ಬಾಲಸಖಿ. ಹತ್ತನೇ ತರಗತಿಯಷ್ಟು ಓದಿದ, ಅದೇ ಕೇರಿಯ ಒಬ್ಬ ಯುವತಿ ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿಕೊಂಡು ಓದು, ಲೆಕ್ಕ ಕಲಿಸುತ್ತಿದ್ದಳು. ಅಲ್ಲೂ ಅಂಕ ಏರಿತು. ಕಂಪ್ಯೂಟರಿನಷ್ಟು ಏರಲಿಲ್ಲ ನಿಜ. ಆದರೆ ವರ್ಷಕ್ಕೆ ಒಂದು ಮಗುವಿಗೆ ಬಾಲಸಖಿಗೆ ತಗುಲಿದ ಖರ್ಚು 107 ರೂಪಾಯಿ, ಕಂಪ್ಯೂಟರಿಗೆ 722 ರೂಪಾಯಿ. ಎರಡೂ ಕಾರ್ಯಕ್ರಮ ಮುಗಿದು ವರ್ಷವಾದ ಮೇಲೆ ನೋಡಿದರೆ ಎರಡರ ಲಾಭದಲ್ಲೂ ಸ್ವಲ್ಪ ಮಾತ್ರ ಉಳಿದಿತ್ತು. ಖರ್ಚಿನ ಪ್ರತಿ ರೂಪಾಯಿಗೆ ಹೆಚ್ಚು ಕಲಿಕೆ ಕೊಟ್ಟದ್ದು ಆ ಯುವತಿ. ಮಂಡ್ಯದ ಯಾವ ಹಳ್ಳಿಯಲ್ಲಾದರೂ ಪಿಯುಸಿ, ಡಿಗ್ರಿ ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳು ಸಿಗುತ್ತಾರೆ. ಈ ಅಂಕಿಗಳ ಮುಂದೆ ನಿಂತು ಅವರನ್ನು ನೆನೆಯದಿರುವುದು ಕಷ್ಟ.

ಕರ್ನಾಟಕದೊಳಗೇ ಇದಕ್ಕಿಂತ ಹತ್ತಿರದ ಪಾಠವೊಂದಿದೆ. ವಿಪ್ರೊ ಕಟ್ಟಿದ ಅಜೀಂ ಪ್ರೇಮ್‌ಜಿ ಅವರ ಪ್ರತಿಷ್ಠಾನ ಈ ಶತಮಾನದ ಆರಂಭದಲ್ಲಿ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಕಾ ಕೇಂದ್ರಗಳನ್ನು ತೆರೆಯಿತು. ಪಠ್ಯಕ್ಕೆ ಹೊಂದುವ 100ಕ್ಕೂ ಹೆಚ್ಚು ಸಿ.ಡಿ.ಗಳನ್ನು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಮಾಡಿಸಿತು. ಹಣದ ಕೊರತೆ ಇರಲಿಲ್ಲ, ತಾಂತ್ರಿಕ ಪರಿಣತಿಯ ಕೊರತೆಯಂತೂ ಇರಲೇ ಇಲ್ಲ. ವರ್ಷಗಳ ಅನುಭವದ ನಂತರ, 2010ರ ಕೊನೆಗೆ ಪ್ರತಿಷ್ಠಾನದ ಮುಂದಾಳು ಅನುರಾಗ್ ಬೆಹರ್ ‘ಮಿಂಟ್’ ಪತ್ರಿಕೆಯ ತಮ್ಮ ಅಂಕಣದಲ್ಲಿ ಕಂಪ್ಯೂಟರಿನ ಮಿತಿಗಳನ್ನು ಮುಚ್ಚುಮರೆಯಿಲ್ಲದೆ ಬರೆದರು. ತಂತ್ರಜ್ಞಾನದ ಮೋಹ ನಿಜವಾದ ಸಮಸ್ಯೆಗಳಿಂದ ಗಮನವನ್ನು ಬೇರೆಡೆ ಸೆಳೆಯುತ್ತದೆ ಎಂಬುದು ಅವರ ಮಾತಿನ ತಿರುಳು. ಪ್ರತಿಷ್ಠಾನ ತನ್ನ ಶಕ್ತಿಯನ್ನು ಶಿಕ್ಷಕರ ತರಬೇತಿಯ ಕಡೆಗೆ, ಜಿಲ್ಲಾ ಮಟ್ಟದ ಕೆಲಸದ ಕಡೆಗೆ ತಿರುಗಿಸಿತು. ಕಂಪ್ಯೂಟರಿನಿಂದಲೇ ಬೆಳೆದ ಉದ್ಯಮಿಯೊಬ್ಬರ ಸಂಸ್ಥೆ ಹೀಗೆ ಒಪ್ಪಿಕೊಳ್ಳಲು ಪ್ರಾಮಾಣಿಕತೆ ಬೇಕು. ನಮ್ಮ ಇಲಾಖೆಗಳು ಆ ಬರಹವನ್ನು ಗಂಭೀರವಾಗಿ ಓದಿದ್ದರೆ ಎಷ್ಟೋ ಟೆಂಡರುಗಳು ಉಳಿಯುತ್ತಿದ್ದವು.

ಹೊರದೇಶಗಳ ಅನುಭವವೂ ಇದೇ ದಿಕ್ಕಿನದು. ಪೆರು ದೇಶ ಮಗುವಿಗೊಂದು ಲ್ಯಾಪ್‌ಟಾಪ್ ಹಂಚಿತು. 319 ಗ್ರಾಮೀಣ ಶಾಲೆಗಳನ್ನು ಪರೀಕ್ಷಿಸಿ 2012ರಲ್ಲಿ ವರದಿ ಕೊಟ್ಟವರಿಗೆ ಗಣಿತದಲ್ಲಾಗಲೀ ಭಾಷೆಯಲ್ಲಾಗಲೀ ಗುರುತಿಸುವಂಥ ಸುಧಾರಣೆ ಕಾಣಲಿಲ್ಲ. ಶಾಲೆಗಳಲ್ಲಿ ಕಂಪ್ಯೂಟರಿಗೆ ಭಾರಿ ಹಣ ಹಾಕಿದ ದೇಶಗಳ ಮಕ್ಕಳ ಓದು, ಗಣಿತ, ವಿಜ್ಞಾನದ ಅಂಕ ಅದಕ್ಕೆ ತಕ್ಕಂತೆ ಏರಿಲ್ಲ ಎಂದು 2015ರಲ್ಲಿ ಒಇಸಿಡಿ ವರದಿ ಹೇಳಿತು. ಪರದೆಯ ಮೇಲೆ ಬಹಳ ಮುಂದೆ ಹೋಗಿದ್ದ ಸ್ವೀಡನ್ 2023ರಲ್ಲಿ ಅಚ್ಚಾದ ಪಠ್ಯಪುಸ್ತಕ ಕೊಳ್ಳಲು ಮತ್ತೆ ಹಣ ಇಟ್ಟಿತು.

ಹೊಸ ಯಂತ್ರ ಬಂದಾಗಲೆಲ್ಲ ಶಿಕ್ಷಕರ ಕೊರತೆಯನ್ನು ಅದು ತುಂಬುತ್ತದೆ ಎನ್ನುವ ಆಸೆ ನಮ್ಮಲ್ಲಿ ಹಳೆಯದು. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಉಪಗ್ರಹದ ನೆರವಿನಿಂದ ‘ಸೈಟ್’ ಎಂಬ ಟಿ.ವಿ. ಪ್ರಯೋಗ ನಡೆಯಿತು. ಆರು ರಾಜ್ಯಗಳ 2400 ಹಳ್ಳಿಗಳಲ್ಲಿ ಕರ್ನಾಟಕದ ಕಲಬುರ್ಗಿ, ರಾಯಚೂರು, ವಿಜಾಪುರ ಸೀಮೆಯವೂ ಇದ್ದವು. ಬೆಳಗಿನ ಹೊತ್ತು ಶಾಲೆ ಮಕ್ಕಳಿಗೆ ಪಾಠ. ಉಪಗ್ರಹ ಬೇರೆ ಕಡೆ ಸರಿದ ಮೇಲೆ ಪಾಠ ನಿಂತಿತು. 1984ರಲ್ಲಿ ಬ್ರಿಟನ್ನಿನ ಬಿಬಿಸಿ ಮೈಕ್ರೊ ಯಂತ್ರಗಳೊಂದಿಗೆ ದೇಶದ 250 ಪ್ರೌಢಶಾಲೆಗಳಲ್ಲಿ ‘ಕ್ಲಾಸ್’ ಯೋಜನೆ ಶುರುವಾಯಿತು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಹಾರಿತು. ಅದರ ಪ್ರಾಥಮಿಕ ಶಾಲಾ ಪ್ರಯೋಗಕ್ಕೆ ಆಯ್ಕೆಯಾದದ್ದು ಮಳವಳ್ಳಿಯಿಂದ ಕಾವೇರಿ ದಾಟಿದರೆ ಸಿಗುವ ಚಾಮರಾಜನಗರ ಜಿಲ್ಲೆ. 800ಕ್ಕೂ ಹೆಚ್ಚು ಶಾಲೆಗಳ ಮೇಲೆ ಡಿಶ್‌ಗಳು ಕೂತವು. ಪ್ರಸಾರದ ಹೊತ್ತಿಗೆ ಕರೆಂಟು ಇರಬೇಕು, ಟಿ.ವಿ. ಸರಿಯಿರಬೇಕು, ಆ ದಿನದ ಪಾಠ ತರಗತಿಯ ಪಾಠಕ್ಕೆ ಹೊಂದಬೇಕು. ಮೂರೂ ಕೂಡಿಬರುವ ದಿನಗಳನ್ನು ನಂಬಿ ಶಾಲೆ ನಡೆಸುವುದು ಯಾವ ಮೇಷ್ಟ್ರಿಗೂ ಕಷ್ಟ.

ಈ ಆಸೆಯ ಅತಿ ದೊಡ್ಡ ಪರೀಕ್ಷೆ ಯಾರೂ ಬಯಸದೆ ಬಂತು. 2020ರ ಕೋವಿಡ್ ಕಾಲದಲ್ಲಿ ಶಾಲೆ ಪೂರ್ತಿ ಪರದೆಗೆ ಹೋಯಿತು. ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಚಿಕ್ಕ ಮಕ್ಕಳಿಗೆ ಆನ್‌ಲೈನ್ ತರಗತಿ ಬೇಡವೆಂದು ನಿಷೇಧಿಸಿ, ಪ್ರೊ. ಎಂ.ಕೆ. ಶ್ರೀಧರ್ ನೇತೃತ್ವದಲ್ಲಿ ಸಮಿತಿ ಮಾಡಿತು. ಜುಲೈ 8ರಂದು ಹೈಕೋರ್ಟ್ ನಿಷೇಧಕ್ಕೆ ತಡೆ ಕೊಟ್ಟಿತು. ಅದೇ ತಿಂಗಳು ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯವರಿಗೆ ‘ಸೇತುಬಂಧ’ ಪಾಠಗಳು ಶುರುವಾದವು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಬಂತು. ಮಕ್ಕಳನ್ನು ಮೂರು ಗುಂಪು ಮಾಡಲಾಯಿತು: ಸ್ಮಾರ್ಟ್‌ಫೋನು, ಇಂಟರ್‌ನೆಟ್ ಇದ್ದವರು, ಫೋನಿದ್ದು ಇಂಟರ್‌ನೆಟ್ ಇಲ್ಲದವರು, ಏನೂ ಇಲ್ಲದವರು. ಹೀಗೆ ಮೂರು ಪಟ್ಟಿ ಬರೆಯಬೇಕಾಗಿ ಬಂದದ್ದೇ ಬಹಳ ಹೇಳುತ್ತದೆ.

ಏನೂ ಇಲ್ಲದವರಿಗಾಗಿ ಮೇಷ್ಟ್ರು, ಮೇಡಮ್ಮುಗಳು ಊರೂರಿಗೆ ಹೋದರು. ಅರಳಿಕಟ್ಟೆ, ದೇವಸ್ಥಾನದ ಜಗಲಿ, ಸಮುದಾಯ ಭವನ ತರಗತಿಗಳಾದವು. ದೂರ ದೂರ ಕೂತ ಮಕ್ಕಳು, ಗೋಡೆಗೆ ಒರಗಿಸಿದ ಸಣ್ಣ ಹಲಗೆ. ಸೋಂಕು ಹರಡಿದ ಸುದ್ದಿಗಳ ನಡುವೆ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು, 2021ರ ಜನವರಿ 1ರಿಂದ ಶಾಲೆಯಂಗಳದಲ್ಲಿ ಮತ್ತೆ ನಡೆಯಿತು. ಜೀವಭಯದ ಕಾಲದಲ್ಲೂ ಹಳ್ಳಿಯ ಮಗುವನ್ನು ಕೊನೆಗೆ ಮುಟ್ಟಿದವರು ಶಿಕ್ಷಕರು. ಅವರ ಆ ದುಡಿಮೆಗೆ ಸಿಗಬೇಕಾದ ಗೌರವ ಇನ್ನೂ ಸಿಕ್ಕಿಲ್ಲ.

ಶಾಲೆ ತೆರೆದ ಮೇಲೆ ಎಣಿಕೆ ಬಂತು. ಎರಡನೇ ತರಗತಿಯ ಪಠ್ಯವನ್ನು ಓದಬಲ್ಲ ಮೂರನೇ ತರಗತಿಯ ಮಕ್ಕಳು ದೇಶದ ಹಳ್ಳಿಗಳಲ್ಲಿ 2018ರಲ್ಲಿ ಶೇ 27.3 ಇದ್ದವರು 2022ಕ್ಕೆ ಶೇ 20.5ಕ್ಕೆ ಕುಸಿದಿದ್ದರು ಎಂದು ‘ಅಸರ್’ ಸಮೀಕ್ಷೆ ತೋರಿಸಿತು. ಕರ್ನಾಟಕ 2022–23ನೇ ಸಾಲನ್ನು ‘ಕಲಿಕಾ ಚೇತರಿಕೆ’ಯ ವರ್ಷವೆಂದು ಕರೆದು, ಕಲಿಕಾ ಹಾಳೆಗಳನ್ನು ಅಚ್ಚು ಹಾಕಿಸಿ ಕೈಗೆ ಕೊಟ್ಟಿತು. ಶಾಲೆಗಳು ಎಂದಿನಂತೆ ನಡೆದ ಮೇಲೆ, 2024ರ ಹೊತ್ತಿಗೆ, ದೇಶದ ಲೆಕ್ಕ ಶೇ 27.1ಕ್ಕೆ ಮರಳಿತ್ತು. ಅದೇ 2024ರ ಸಮೀಕ್ಷೆ ಇನ್ನೊಂದನ್ನೂ ಹೇಳಿತು. 14ರಿಂದ 16 ವಯಸ್ಸಿನವರಲ್ಲಿ ಶೇ 80ಕ್ಕಿಂತ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಿಂದಿನ ವಾರ ಓದಿಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಯಂತ್ರ ಬಳಸುವುದನ್ನು ಮಕ್ಕಳು ತಾವೇ ಕಲಿಯುತ್ತಾರೆ. ಓದನ್ನು, ಲೆಕ್ಕವನ್ನು ಹಾಗೆ ತಾವೇ ಕಲಿಯಲು ಆಗುತ್ತಿಲ್ಲ. ಶಾಲೆಯ ಸಮಯ ಯಾವುದಕ್ಕೆ ಮೀಸಲಾಗಬೇಕು ಎಂಬುದಕ್ಕೆ ಈ ಅಂಕಿಗಳೇ ಸಾಕು.

ಶಿಕ್ಷಕರಿಂದಲೇ ಹುಟ್ಟಿದ್ದು ಎಷ್ಟು ಗಟ್ಟಿ ಎನ್ನುವುದಕ್ಕೆ ನಮ್ಮ ಪಕ್ಕದ ಜಿಲ್ಲೆಯೇ ಉದಾಹರಣೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಕೆಲವು ಶಿಕ್ಷಕರು ರಿಷಿವ್ಯಾಲಿ ಶಾಲೆಯ ಪದ್ಧತಿ ನೋಡಿ ಬಂದು, ಯುನಿಸೆಫ್ ನೆರವಿನಿಂದ ‘ನಲಿ ಕಲಿ’ ಆರಂಭಿಸಿದರು. ರಟ್ಟಿನ ಕಾರ್ಡುಗಳು, ಹಾಡು, ಕಥೆ, ಗೋಡೆಯ ಕೆಳಭಾಗದಲ್ಲಿ ಮಕ್ಕಳಿಗೆ ಎಟುಕುವ ಕಪ್ಪುಹಲಗೆ, ಎಲ್ಲರೂ ಕೆಳಗೆ ಸುತ್ತ ಕೂತು ತಮ್ಮ ತಮ್ಮ ವೇಗದಲ್ಲಿ ಮೆಟ್ಟಿಲು ಹತ್ತುವ ಕ್ರಮ. 2009–10ರಿಂದ ಅದು ರಾಜ್ಯದ ಸರ್ಕಾರಿ ಶಾಲೆಗಳ ಆರಂಭದ ತರಗತಿಗಳಿಗೆಲ್ಲ ಬಂತು. ‘ನಲಿ ಕಲಿ’ಯ ಮೇಲೆ ಟೀಕೆಗಳಿವೆ, ಒಬ್ಬರೇ ಮೇಡಂ ಇರುವ ಶಾಲೆಯಲ್ಲಿ ಅದು ಏದುಸಿರು ಬಿಡುತ್ತದೆ ಎಂಬುದೂ ನಿಜ. ಆದರೆ ಕಾರ್ಡು ಹರಿದರೆ ಮೇಡಂ ತಾವೇ ಕತ್ತರಿಸಿ ಬರೆದುಕೊಳ್ಳಬಲ್ಲರು. ಯಾರ ಗುತ್ತಿಗೆ ಮುಗಿದರೂ ಅವರ ಪಾಠ ನಿಲ್ಲುವುದಿಲ್ಲ.

ಇಷ್ಟು ಹೇಳಿದ ಮೇಲೆ ಎದುರು ವಾದವನ್ನೂ ಗೌರವದಿಂದ ಕೇಳಬೇಕು. ಮಂಡ್ಯ ತಾಂತ್ರಿಕ ಶಿಕ್ಷಣವನ್ನು ಎಂದೂ ದೂರ ಇಟ್ಟ ಜಿಲ್ಲೆಯಲ್ಲ. ಜನ ‘ನಿತ್ಯ ಸಚಿವ’ ಎಂದು ಕರೆದ ಕೆ.ವಿ. ಶಂಕರಗೌಡರ ಪರಿಶ್ರಮದಿಂದ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ಬಂದದ್ದು 1962ರಲ್ಲಿ. ಕಬ್ಬು, ಭತ್ತ ಬೆಳೆಯುವವರ ಮಕ್ಕಳು ಅಲ್ಲಿ ಓದಿ ಬೆಂಗಳೂರಿನ ಕಂಪನಿಗಳಿಗೆ ಹೋದರು. ಆ ದಾರಿ ಕಂಡ ತಂದೆತಾಯಿ ಕಂಪ್ಯೂಟರ್ ಬೇಕು ಎಂದರೆ ಅದು ಮೋಹ ಎಂದು ತಳ್ಳಿಹಾಕುವಂತಿಲ್ಲ. ಪೇಟೆಯ ಕಾನ್ವೆಂಟಿನ ಹಳದಿ ಬಸ್ಸು ಹಳ್ಳಿಯ ಬಾಗಿಲಿಗೆ ಬರುತ್ತದೆ, ಅದರ ಬ್ಯಾನರಿನಲ್ಲಿ ‘ಸ್ಮಾರ್ಟ್ ಕ್ಲಾಸ್’ ಎಂದಿರುತ್ತದೆ. ಸರ್ಕಾರಿ ಶಾಲೆಯಲ್ಲಿ ಅದಿಲ್ಲ ಎಂದರೆ ಮಕ್ಕಳ ಸಂಖ್ಯೆ ಇಳಿಯುತ್ತದೆ, ಇಳಿದರೆ ಶಾಲೆಯೇ ಮುಚ್ಚುವ ಭಯ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು ದಾನಿಗಳ ಹತ್ತಿರ ಮೊದಲು ಕಂಪ್ಯೂಟರನ್ನೇ ಕೇಳುವುದು ಈ ಭಯದಿಂದ. ಮುಖ್ಯವಾಗಿ, ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಕೂಲಿಕಾರರ, ದಲಿತರ ಮಕ್ಕಳಿಗೆ ಅದನ್ನು ಮುಟ್ಟಿಸುವ ಜಾಗ ಶಾಲೆಯೊಂದೇ. ಆ ಮಗುವಿಗೆ ಕಂಪ್ಯೂಟರ್ ಬೇಡ ಎನ್ನುವ ಹಕ್ಕು ಯಾರಿಗೂ ಇಲ್ಲ.

ಕಂಪ್ಯೂಟರಿಗೆ ಶಾಲೆಯಲ್ಲಿ ತಕ್ಕ ಜಾಗವೂ ಉಂಟು. ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಶಿಕ್ಷಣ ಇಲಾಖೆಯೊಂದಿಗೆ ಸೇರಿ 2011ರ ಸುಮಾರಿನಿಂದ ಪ್ರೌಢಶಾಲಾ ಶಿಕ್ಷಕರ ವಿಷಯವಾರು ವೇದಿಕೆಗಳನ್ನು ಕಟ್ಟಿತು. ಅಲ್ಲಿ ಕಂಪ್ಯೂಟರ್ ಮೊದಲು ಹೋದದ್ದು ಮೇಷ್ಟ್ರ ಕೈಗೆ. ಗಣಿತದವರು ‘ಜಿಯೋಜೀಬ್ರಾ’ ಎಂಬ ಉಚಿತ ತಂತ್ರಾಂಶ ಕಲಿತರು. ಪರದೆಯ ಮೇಲೆ ಒಂದು ತ್ರಿಭುಜ ಬರೆದು, ಮೂರು ಕೋನಗಳ ಅಳತೆಯನ್ನೂ ಅವುಗಳ ಮೊತ್ತವನ್ನೂ ಪಕ್ಕದಲ್ಲಿ ಕಾಣಿಸಿ, ತುದಿಯೊಂದನ್ನು ಹಿಡಿದು ಎಳೆಯುವುದು. ತ್ರಿಭುಜ ಉದ್ದವಾಗುತ್ತದೆ, ಚಪ್ಪಟೆಯಾಗುತ್ತದೆ, ಒಂದೊಂದು ಕೋನವೂ ಬದಲಾಗುತ್ತಲೇ ಇರುತ್ತದೆ, ಮೊತ್ತ ಮಾತ್ರ 180ರಿಂದ ಅಲುಗುವುದಿಲ್ಲ. ಇನ್ನೂ ಎಳೀರಿ ಸಾರ್ ಎಂದು ಮಕ್ಕಳು ಕೇಳುವುದು ಇಲ್ಲಿ. ಸೀಮೆಸುಣ್ಣದಲ್ಲಿ ಇದನ್ನು ತೋರಿಸಲಾಗದು. ಒಂದೇ ಯಂತ್ರ, ಒಂದು ಪ್ರೊಜೆಕ್ಟರ್, ತನ್ನ ವಿಷಯ ಬಲ್ಲ ಒಬ್ಬ ಮೇಷ್ಟ್ರು ಇದ್ದರೆ ಇಡೀ ತರಗತಿ ಕಲಿಯುತ್ತದೆ.

ದೆಹಲಿಯಲ್ಲಿ ‘ಮೈಂಡ್‌ಸ್ಪಾರ್ಕ್’ ಎಂಬ ತಂತ್ರಾಂಶವನ್ನು ಶಾಲೆ ಬಿಟ್ಟ ಮೇಲಿನ ಕೇಂದ್ರಗಳಲ್ಲಿ ಬಳಸಿ ಪರೀಕ್ಷಿಸಿದಾಗ, ನಾಲ್ಕೂವರೆ ತಿಂಗಳಲ್ಲಿ ಗಣಿತ ಮತ್ತು ಹಿಂದಿ ಎರಡರಲ್ಲೂ ಒಳ್ಳೆಯ ಏರಿಕೆ ಕಂಡಿತು. 2019ರಲ್ಲಿ ಪ್ರಕಟವಾದ ಆ ಅಧ್ಯಯನವನ್ನು ಕಂಪ್ಯೂಟರ್ ಪರವಾದಿಗಳು ಹೆಮ್ಮೆಯಿಂದ ಹೇಳುತ್ತಾರೆ. ಅದು ಫಲಿಸಿದ್ದಕ್ಕೆ ಕಾರಣ, ಮಗು ಯಾವ ತರಗತಿಯಲ್ಲಿದೆ ಎಂದು ನೋಡದೆ ಯಾವ ಮಟ್ಟದಲ್ಲಿದೆ ಎಂದು ನೋಡಿ ಅಲ್ಲಿಂದ ಕಲಿಸಿದ್ದು. ಜೊತೆಗೆ ಅಲ್ಲಿ ಸಣ್ಣ ಗುಂಪುಗಳಿಗೆ ಹೇಳಿಕೊಡುವವರೂ ಇದ್ದರು. ‘ನಲಿ ಕಲಿ’ ಕಾರ್ಡು, ಬಾಲಸಖಿ, ಈ ತಂತ್ರಾಂಶ ಮೂರೂ ಮಾಡಿದ್ದು ಒಂದೇ ಕೆಲಸ. ಯಂತ್ರವಿಲ್ಲದೆಯೂ ಆ ಕೆಲಸ ಆಗುತ್ತದೆ ಎಂಬುದನ್ನು ಮರೆಯಬಾರದು.

ಇಂದು ಸರ್ಕಾರಿ ಶಾಲೆಯಲ್ಲಿ ಕೆಲಸ ಮಾಡುವ ಕಂಪ್ಯೂಟರ್ ಒಂದಿದ್ದರೆ ಅದರ ಮುಂದೆ ಹೆಚ್ಚು ಹೊತ್ತು ಕೂರುವುದು ಮಗುವಲ್ಲ, ಮೇಷ್ಟ್ರು. ವಿದ್ಯಾರ್ಥಿಗಳ ವಿವರವನ್ನೆಲ್ಲ ಇಲಾಖೆಯ ‘ಸ್ಯಾಟ್ಸ್’ ಜಾಲತಾಣಕ್ಕೆ ಏರಿಸಬೇಕು, ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಮೊಟ್ಟೆಯ ಲೆಕ್ಕ, ಹಾಜರಾತಿ ಕಳಿಸಬೇಕು. ಸರ್ವರ್ ನಿಧಾನವಾದರೆ ಪೀರಿಯಡ್ಡುಗಳೇ ಕಳೆಯುತ್ತವೆ. ಶಾಲೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ ಸ್ವಂತ ಮೊಬೈಲಿನಲ್ಲಿ. ಶಿಕ್ಷಕರ ಹೊರೆ ಇಳಿಸುವುದಾಗಿ ಹೇಳಿ ತಂದ ತಂತ್ರಜ್ಞಾನ ತರಗತಿಯಲ್ಲಿ ಅವರು ಮಕ್ಕಳೊಂದಿಗೆ ಇರುವ ಹೊತ್ತನ್ನೇ ಕಿತ್ತುಕೊಳ್ಳುತ್ತಿರುವುದು ಈ ಇಡೀ ಕಥೆಯಲ್ಲಿ ಅತ್ಯಂತ ನೋವಿನ ಭಾಗ.

ಕಂಪನಿಗಳ ಸಾಮಾಜಿಕ ನಿಧಿ, ಹಳೆಯ ವಿದ್ಯಾರ್ಥಿಗಳ ಸಂಘ, ಊರಿನ ದಾನಿಗಳು ಇವತ್ತು ಮಂಡ್ಯದ ಶಾಲೆಗಳಿಗೆ ಸಹಾಯ ಮಾಡಲು ಮುಂದೆ ಬರುತ್ತಾರೆ. ಯಂತ್ರ ಕೊಟ್ಟರೆ ಫೋಟೊ ತೆಗೆಯಬಹುದು, ಗೋಡೆಯ ಮೇಲೆ ಹೆಸರು ಬರೆಸಬಹುದು. ಲೆಕ್ಕ ಮಾತ್ರ ಬೇರೆ ಹೇಳುತ್ತದೆ. ಸಾಧಾರಣ ಡೆಸ್ಕ್‌ಟಾಪಿಗೆ 30–40 ಸಾವಿರ ಎಂದರೆ ಹತ್ತಕ್ಕೆ 3–4 ಲಕ್ಷ, ಯುಪಿಎಸ್ ಖರ್ಚು ಬೇರೆ. ಅತಿಥಿ ಶಿಕ್ಷಕರಿಗೆ ಸರ್ಕಾರ ಕೊಡುವ ಸಂಭಾವನೆ ತಿಂಗಳಿಗೆ ಹತ್ತು–ಹನ್ನೆರಡು ಸಾವಿರ, ಅದೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ. ಹತ್ತು ಯಂತ್ರದ ಹಣದಲ್ಲಿ ಒಬ್ಬ ಶಿಕ್ಷಕಿ ಮೂರು ವರ್ಷ ಪಾಠ ಮಾಡಬಹುದು. ಎರಡೂ ಬೇಕೆಂದರೆ, ಐದು ಯಂತ್ರ, ಒಂದು ಪ್ರೊಜೆಕ್ಟರ್, ಕಲಿಸುವವರ ಸಂಭಾವನೆ ಮತ್ತು ಮೂರನೇ ವರ್ಷಕ್ಕೆ ಹೊಸ ಬ್ಯಾಟರಿಯ ಹಣ, ಇಷ್ಟನ್ನೂ ಒಂದೇ ಒಪ್ಪಂದದಲ್ಲಿ ಬರೆಸಿಕೊಳ್ಳಲು ಎಸ್‌ಡಿಎಂಸಿ ಪಟ್ಟು ಹಿಡಿಯಬಹುದು. ಎಂಟನೇ ತರಗತಿಗೆ ಬಂದ ಮೇಲೆ ಕನ್ನಡ ಬೆರಳಚ್ಚು, ಅರ್ಜಿ ತುಂಬುವುದು, ಲೆಕ್ಕದ ಹಾಳೆ ಮಾಡುವುದು, ಅಂತರ್ಜಾಲದಲ್ಲಿ ಸಿಕ್ಕಿದ್ದನ್ನು ನಿಜವೋ ಸುಳ್ಳೋ ಎಂದು ಪರಿಶೀಲಿಸುವುದು ಇಷ್ಟನ್ನು ಆ ಐದು ಯಂತ್ರಗಳಲ್ಲಿ ಎರಡು ವರ್ಷದಲ್ಲಿ ಕಲಿಸಲು ಸಾಧ್ಯ. ಒಂದರಿಂದ ಐದನೇ ತರಗತಿಯವರೆಗಿನ ಮಕ್ಕಳ ಪಾಲಿನ ಹಣ ಪೂರ್ತಿಯಾಗಿ ಓದಿಸುವವರಿಗೆ ಮತ್ತು ಕಥೆಪುಸ್ತಕಗಳಿಗೆ ಹೋಗಲಿ.